ಅದು ನನ್ನ ಕೆಲಸವಲ್ಲ ಎಂದವರು

ಅಮೆರಿಕದಲ್ಲಿ ದೊಡ್ಡ ಕೆಲಸಕ್ಕೆ ಜನ ಸಿಗುತ್ತಾರೆ. ಛಾವಣಿ ಬದಲಿಸಬೇಕು, ಹೊಸ ಏಸಿ ಹಾಕಿಸಬೇಕು, ಅಡುಗೆಮನೆಯನ್ನೇ ಕಿತ್ತು ಕಟ್ಟಿಸಬೇಕು ಅಂದರೆ ನಾಲ್ಕು ಕಂಪನಿಯವರು ಟೇಪು ಹಿಡಿದು ಬಾಗಿಲಿಗೆ ಬರುತ್ತಾರೆ. ತೊಟ್ಟಿಕ್ಕುವ ನಲ್ಲಿಗೆ, ಓಲಾಡುವ ಫ್ಯಾನಿಗೆ, ಎತ್ತರದ ಸೂರಿನಲ್ಲಿ ಕೂತು ನಡುರಾತ್ರಿ ಕೀ ಕೀ ಅನ್ನುವ ಹೊಗೆ ಅಲಾರಾಮಿಗೆ ಯಾರೂ ಇಲ್ಲ. ಹಾಸನದ ನಮ್ಮ ಬೀದಿಗೆ ಒಬ್ಬರು ಬರುತ್ತಿದ್ದರು. ಸೈಕಲ್ಲಿನ ಹ್ಯಾಂಡಲ್ಲಿಗೆ ಖಾಕಿ ಚೀಲ ನೇತುಹಾಕಿಕೊಂಡು ಬಂದು, ನಲ್ಲಿಗೆ ವಾಷರ್ ಹಾಕಿ, ಮಿಕ್ಸಿಯ ವೈರು ನೋಡಿ, ಹೋಗುವಾಗ ಬಾಗಿಲ ಕೀಲಿಗೆ ಒಂದು ತೊಟ್ಟು ಎಣ್ಣೆ ಬಿಟ್ಟು ಹೋಗುತ್ತಿದ್ದರು. ಅಂಥವರಿಗೊಂದು ಹೆಸರು ಬೇಕೆಂದು ನಮಗೆ ಅನ್ನಿಸಿರಲೇ ಇಲ್ಲ. ಅರಿಜೋನಾದ ಚ್ಯಾಂಡ್ಲರ್‌ನಲ್ಲಿ ಮನೆ ಕೊಂಡ ಮೇಲೆ ನಾನು ಹುಡುಕಿದ್ದು ಅವರನ್ನೇ. ಇಲ್ಲಿ ಅವರಿಗೆ ಹ್ಯಾಂಡಿಮ್ಯಾನ್ ಅನ್ನುತ್ತಾರೆ.

ಚ್ಯಾಂಡ್ಲರ್ ಇರುವುದು ಫೀನಿಕ್ಸ್ ನಗರದ ಮಗ್ಗುಲಿಗೆ. ಇಂಟೆಲ್ ಕಂಪನಿಯ ದೊಡ್ಡ ಕಾರ್ಖಾನೆಗಳು ಇಲ್ಲಿವೆ. ಕನ್ನಡದ ಮನೆಗಳು ಇಲ್ಲಿ ಬೆಳೆದದ್ದಕ್ಕೆ ಅದೂ ಒಂದು ಕಾರಣ. ವಿಮಾನ ಇಳಿಯುವಾಗ ಕೆಳಗೆ ನೋಡಿದರೆ ಮಣ್ಣುಬಣ್ಣದ ಹಿತ್ತಲುಗಳಲ್ಲಿ ನೀಲಿ ಚೌಕಗಳು ಒತ್ತೊತ್ತಾಗಿ ಕಾಣುತ್ತವೆ. ಎಲ್ಲವೂ ಈಜುಕೊಳ. ನಮ್ಮ ಮನೆಗೂ ಒಂದಿತ್ತು. ಹದಿನೈದು ಸಾವಿರ ಗ್ಯಾಲನ್, ಅಂದರೆ ಸುಮಾರು 57,000 ಲೀಟರ್ ನೀರು. ನಾವು ಬೇಕೆಂದು ಕಟ್ಟಿಸಿದ್ದಲ್ಲ, ಮನೆಯ ಜೊತೆಗೆ ಬಂದದ್ದು. ಬಾವಿಯ ನೀರು ಸೇದಿ ಬೆಳೆದ ನನಗೆ, ಯಾರೂ ಕುಡಿಯದ ಯಾವ ಗಿಡಕ್ಕೂ ಹಾಯದ ಅಷ್ಟು ನೀರನ್ನು ಹಿತ್ತಲಲ್ಲಿ ಇಟ್ಟುಕೊಂಡು ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಮಗನಿಗೆ ಆಗ ಮೂರು ವರ್ಷ.

ಮಾಡಿಸಬೇಕಾದ ಕೆಲಸಗಳನ್ನು ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೆ. ನಲ್ಲಿ, ಫ್ಯಾನು, ಸ್ನಾನದ ಮನೆಯ ಟೈಲ್ಸ್ ಸಂದಿ, ಹೊಗೆ ಅಲಾರಾಂ, ಗಿಡಗಳಿಗೆ ನೀರುಣಿಸುವ ಹನಿ ಕೊಳವೆ, ಪೂಲಿನ ದೀಪ. ಒಂದು ಕಂಪನಿಗೆ ಫೋನ್ ಮಾಡಿದರೆ ಮನೆಗೆ ಕಾಲಿಡಲಿಕ್ಕೇ ಇಷ್ಟು ಎಂದು ಒಂದು ಮೊತ್ತ ಹೇಳಿದರು. ಆ ದುಡ್ಡಿಗೆ ಮೂರು ಹೊಸ ನಲ್ಲಿ ಬರುತ್ತಿತ್ತು. ಇನ್ನೊಂದು ಕಡೆಯವರು ಬೆಳಿಗ್ಗೆ ಎಂಟರಿಂದ ಹನ್ನೆರಡರೊಳಗೆ ಬರುತ್ತೇವೆ ಅಂದರು. ಆಫೀಸಿಗೆ ರಜೆ ಹಾಕಿ ಕಾದದ್ದೇ ಬಂತು. ಕೊನೆಗೆ ಪಕ್ಕದ ಮನೆಯ ಹಿರಿಯ ಹೆಂಗಸು ಒಂದು ನಂಬರು ಕೊಟ್ಟರು. ‘ಇವರು ಹೇಳಿದ ಹೊತ್ತಿಗೆ ಬರುತ್ತಾರೆ. ಕೆಲವು ಕೆಲಸ ಮಾಡುವುದಿಲ್ಲ ಅನ್ನುತ್ತಾರೆ, ಬೇಜಾರು ಮಾಡಿಕೊಳ್ಳಬೇಡ’ ಎಂದರು.

ಬಂದವರಿಗೆ ಅರವತ್ತು ದಾಟಿತ್ತು. ಹುಡುಗನಾಗಿದ್ದಾಗ ಮೆಕ್ಸಿಕೋದ ಸೊನೋರಾದಿಂದ ಗಡಿ ದಾಟಿ ಬಂದ ಕುಟುಂಬ ಅವರದು. ಬಹುಕಾಲ ಒಂದು ಶಾಲೆಯಲ್ಲಿ ರಿಪೇರಿ ಕೆಲಸ ನೋಡಿಕೊಂಡು ನಿವೃತ್ತರಾಗಿದ್ದರು. ನಾನು ಪಟ್ಟಿ ಚಾಚಿದೆ. ಅವರು ಅದನ್ನು ಮಡಿಸಿ ಜೇಬಿಗಿಟ್ಟುಕೊಂಡು ಸೀದಾ ಹಿತ್ತಲಿಗೆ ನಡೆದರು. ಪೂಲಿನ ಸುತ್ತಲ ಕಬ್ಬಿಣದ ಬೇಲಿಯ ಗೇಟನ್ನು ಪೂರ್ತಿ ತೆರೆದು ಬಿಟ್ಟರು. ಅದು ಅರ್ಧ ಬಂದು ನಿಂತಿತು. ಮತ್ತೆ ಒಂದು ಗೇಣಷ್ಟೇ ತೆರೆದು ಬಿಟ್ಟರು. ಚಿಲಕದವರೆಗೆ ಬಂದು ಮುಟ್ಟಿತು, ಆದರೆ ಕೂರಲಿಲ್ಲ. ಬೆರಳಿನಿಂದ ತಳ್ಳಿದರು, ತೆರೆದುಕೊಂಡಿತು. ಒಳಗೆ ಆಡುತ್ತಿದ್ದ ಮಗನ ಕಡೆ ನೋಡಿ, ‘ಮೇಡಂ, ಇವತ್ತು ಇದು. ಉಳಿದದ್ದೆಲ್ಲ ಆಮೇಲೆ’ ಎಂದರು.

ನನ್ನ ಪಟ್ಟಿಯಲ್ಲಿ ಗೇಟು ಇರಲೇ ಇಲ್ಲ.

ಆ ಕೆಲಸವನ್ನು ಅವರು ಮಾಡಿದ ರೀತಿ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಹಳೆಯ ಸ್ಪ್ರಿಂಗ್ ಕೀಲುಗಳೆರಡನ್ನೂ ಬಿಚ್ಚಿದರು. ಗೇಟು ಜೋತುಬಿದ್ದು ಚಿಲಕದ ನಾಲಿಗೆ ಅದರ ಗೂಡಿಗಿಂತ ಒಂದು ಕೂದಲೆಳೆ ಕೆಳಗೆ ಬಡಿಯುತ್ತಿತ್ತು. ಗೇಟಿನಡಿ ಮರದ ಚಕ್ಕೆ ಕೊಟ್ಟು ಎತ್ತಿ, ಹೊಸ ಕೀಲು ಕೂರಿಸಿ, ಸ್ಪ್ರಿಂಗನ್ನು ಒಂದೊಂದೇ ಹಲ್ಲು ಬಿಗಿ ಮಾಡುತ್ತಾ ಹೋದರು. ಪ್ರತಿ ಸಲ ಬಿಗಿ ಮಾಡಿದಾಗಲೂ ಪೂರ್ತಿ ತೆರೆದು, ಅರ್ಧ ತೆರೆದು, ಒಂದು ಬೆರಳಷ್ಟು ತೆರೆದು ಬಿಟ್ಟು ನೋಡುತ್ತಿದ್ದರು. ಒಂದು ಬೆರಳಷ್ಟು ತೆರೆದಾಗ ಮುಚ್ಚುವುದೇ ಕಷ್ಟ, ಗೇಟಿಗೆ ಆಗ ಓಟ ಸಿಕ್ಕಿರುವುದಿಲ್ಲ. ಅಷ್ಟರಿಂದಲೂ ಅದು ಟಕ್ ಎಂದು ಕೂತಾಗ ಮಾತ್ರ ಸ್ಪ್ಯಾನರ್ ಕೆಳಗಿಟ್ಟರು. ಆಮೇಲೆ ಟೇಪು ಹಿಡಿದು ನೆಲದಿಂದ ಚಿಲಕದವರೆಗೆ ಅಳೆದರು. ಆರು ವರ್ಷದೊಳಗಿನ ಮಕ್ಕಳಿರುವ ಮನೆಗೆ ಅರಿಜೋನಾದಲ್ಲಿ ಕಾನೂನೇ ಇದೆ. ಬೇಲಿ ಐದು ಅಡಿಗೆ ಕಡಿಮೆ ಇರಬಾರದು, ಗೇಟು ತಾನಾಗಿ ಮುಚ್ಚಿ ತಾನಾಗಿ ಚಿಲಕ ಬೀಳಬೇಕು, ನೀರಿನ ಕಡೆಗಲ್ಲದೆ ಹೊರಗಡೆಗೆ ತೆರೆಯಬೇಕು, ಚಿಲಕ ನೆಲದಿಂದ 54 ಅಂಗುಲ ಮೇಲಿರಬೇಕು. ಅಮೆರಿಕದಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳ ಸಾವಿಗೆ ಮೊದಲ ಕಾರಣ ನೀರಿನಲ್ಲಿ ಮುಳುಗುವುದು. ಆ ಅಂಕಿಯನ್ನು ನಾನು ಓದಿದ್ದೆ. ಅದನ್ನು ನಮ್ಮ ಗೇಟಿನ ಸ್ಪ್ರಿಂಗಿಗೆ ತಂದು ಜೋಡಿಸಿದವರು ಇವರು.

ಎರಡನೆಯ ಸಲ ಬಂದಾಗ ನಲ್ಲಿ, ಫ್ಯಾನು, ಅಲಾರಾಂ ಮೊದಲಾದವೆಲ್ಲ ಒಂದೇ ಬೆಳಗಿನಲ್ಲಿ ಮುಗಿದವು. ಉಳಿದದ್ದು ಪೂಲಿನ ದೀಪ. ಅದು ಉರಿಯದೆ ತಿಂಗಳುಗಳೇ ಆಗಿದ್ದವು. ಅವರು ಬಗ್ಗಿ ನೋಡಿದರು, ಸ್ವಿಚ್ ಇದ್ದ ಪೆಟ್ಟಿಗೆಯನ್ನು ನೋಡಿದರು, ಎದ್ದು ನಿಂತರು. ‘ಅದು ನನ್ನ ಕೆಲಸವಲ್ಲ. ನೀರೂ ಕರೆಂಟೂ ಸೇರುವ ಕಡೆ ನಾನು ಕೈ ಹಾಕುವುದಿಲ್ಲ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನ ಕರೆಸಿ. ಅಲ್ಲಿಯವರೆಗೆ ಯಾರೂ ನೀರಿಗೆ ಇಳಿಯಬೇಡಿ’ ಎಂದರು. ಬಲ್ಬ್ ಬದಲಿಸಿ ದುಡ್ಡು ತೆಗೆದುಕೊಂಡು ಹೋಗಿದ್ದರೆ ನನಗೆ ಗೊತ್ತೂ ಆಗುತ್ತಿರಲಿಲ್ಲ.

ಎಲೆಕ್ಟ್ರಿಷಿಯನ್ ಬಂದು ನೋಡಿದಾಗ ದೀಪದ ಗೂಡಿನೊಳಗೆ ನೀರು ಹೋಗಿತ್ತು. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಪೂಲಿನ ಸುತ್ತಲಿನ ಲೋಹವನ್ನೆಲ್ಲ, ಅಂದರೆ ಏಣಿ, ಬೇಲಿ, ಪಂಪಿನ ಮೋಟಾರು, ಕಾಂಕ್ರೀಟಿನೊಳಗಿನ ಕಬ್ಬಿಣ, ಇವನ್ನೆಲ್ಲ ದಪ್ಪನೆಯ ಬರಿಯ ತಾಮ್ರದ ತಂತಿಯಿಂದ ಒಂದಕ್ಕೊಂದು ಜೋಡಿಸಿರುತ್ತಾರೆ. ಎಲ್ಲಾದರೂ ಕರೆಂಟು ಸೋರಿದರೂ ಎರಡು ಜಾಗಗಳ ನಡುವೆ ವೋಲ್ಟೇಜಿನ ವ್ಯತ್ಯಾಸ ಬರಬಾರದು, ಒದ್ದೆ ಮೈಯ ಮನುಷ್ಯ ಒಂದು ಕೈ ಏಣಿಗೆ ಒಂದು ಕಾಲು ನೀರಿಗೆ ಇಟ್ಟಾಗ ಕರೆಂಟು ಅವನ ಮೂಲಕ ಹರಿಯಬಾರದು ಎಂದು. ನಮ್ಮ ಪಂಪಿಗೆ ಬಿಗಿದಿರಬೇಕಾದ ಆ ತಂತಿ ಕಳಚಿ ಕಲ್ಲುಗಳ ಮೇಲೆ ಬಿದ್ದಿತ್ತು. ಹಿಂದಿನ ಮಾಲೀಕರ ಕಾಲದಲ್ಲಿ ಪಂಪು ಬದಲಿಸಿದವರು ಯಾರೋ ಮತ್ತೆ ಬಿಗಿಯದೆ ಹೋಗಿದ್ದರು. ಆ ಯಾರೋ ಮನುಷ್ಯನಿಗೆ ‘ಅದು ನನ್ನ ಕೆಲಸವಲ್ಲ’ ಎನ್ನುವುದು ಬಂದಿದ್ದರೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ.

ಅರಿಜೋನಾದಲ್ಲಿ ಗುತ್ತಿಗೆದಾರರ ಲೈಸೆನ್ಸ್ ಇಲ್ಲದವರು ಮಾಡಬಹುದಾದ ಕೆಲಸಕ್ಕೆ ಮಿತಿ ಇದೆ. ಸಾಮಾನು ಕೂಲಿ ಎರಡೂ ಸೇರಿ ಒಂದು ಕೆಲಸ 1,000 ಡಾಲರಿಗಿಂತ ಕಡಿಮೆಯದಾಗಿರಬೇಕು. ದೊಡ್ಡ ಕೆಲಸವನ್ನು ತುಂಡು ಮಾಡಿ ಅದರೊಳಗೆ ತೂರಿಸುವಂತಿಲ್ಲ. ಜಾಹೀರಾತು ಕೊಟ್ಟರೆ ತಾನು ಲೈಸೆನ್ಸ್ ಇರುವ ಗುತ್ತಿಗೆದಾರನಲ್ಲ ಎಂದು ಅದರಲ್ಲೇ ಹೇಳಬೇಕು. ಪಕ್ಕದ ಕ್ಯಾಲಿಫೋರ್ನಿಯಾದಲ್ಲಿ ಈ ಮಿತಿ ಬಹಳ ಕಾಲ 500 ಡಾಲರ್ ಇತ್ತು, 2025ರ ಜನವರಿಯಿಂದ ಅಲ್ಲೂ 1,000 ಆಗಿದೆ. ನಮ್ಮ ಹ್ಯಾಂಡಿಮ್ಯಾನ್ ತಮ್ಮ ವ್ಯಾನಿನ ಬದಿಯಲ್ಲಿ ಲೈಸೆನ್ಸ್ ಇರುವ ಗುತ್ತಿಗೆದಾರನಲ್ಲ ಎಂಬ ಸಾಲನ್ನು ತಮ್ಮ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಬರೆಸಿದ್ದರು. ಮರೆಮಾಚುವ ಅಕ್ಷರ ಅಲ್ಲ ಅದು.

ಪೂಲಿನ ನಿತ್ಯದ ಆರೈಕೆ ಮಾತ್ರ ಅವರ ಕೈಯೊಳಗಿನದು. ವಾರಕ್ಕೊಮ್ಮೆ ತಾವೇ ಬಂದು ಮಾಡಿ ದುಡ್ಡು ತೆಗೆದುಕೊಳ್ಳಬಹುದಿತ್ತು. ಹಾಗೆ ಮಾಡದೆ ನನಗೆ ಕಲಿಸಿದರು. ಸ್ಕಿಮ್ಮರಿನ ಬುಟ್ಟಿಯಿಂದ ಎಲೆ ತೆಗೆಯುವುದು, ಗೋಡೆ ಉಜ್ಜುವುದು, ನೀರಿನ ಮಟ್ಟ ಸ್ಕಿಮ್ಮರ್ ಬಾಯಿಯ ಅರ್ಧಕ್ಕಿಂತ ಇಳಿಯದಂತೆ ನೋಡುವುದು, ಇವೆಲ್ಲ ಸುಲಭ. ಪಂಪಿನ ಮುಚ್ಚಳದ ಕೆಳಗಿನ ರಬ್ಬರ್ ಬಳೆಯನ್ನು ಅವರು ನನ್ನ ಅಂಗೈಯಲ್ಲಿಟ್ಟು, ಕಣ್ಣು ಮುಚ್ಚಿ ಬೆರಳಾಡಿಸಿ ಎಂದರು. ಒಂದು ಕಡೆ ಮರಳಿನ ಕಾಳು ಸಿಕ್ಕಿತು. ‘ಈ ಒಂದು ಕಾಳು ಸಾಕು ಗಾಳಿ ಎಳೆಯೋದಕ್ಕೆ. ಮುಚ್ಚಳದಲ್ಲಿ ಗುಳ್ಳೆ ಕಂಡರೆ ಮೊದಲು ಇದನ್ನ ಒರೆಸಿ, ಸಿಲಿಕೋನ್ ಗ್ರೀಸ್ ಸವರಿ. ಆಮೇಲೆ ಬೇರೆಯವರಿಗೆ ಫೋನ್ ಮಾಡಿ.’ ಫಿಲ್ಟರ್ ಶುಭ್ರವಾಗಿದ್ದಾಗ ಅದರ ಮೇಲಿನ ಪ್ರೆಷರ್ ಮುಳ್ಳು ಎಲ್ಲಿ ನಿಲ್ಲುತ್ತದೋ ಅಲ್ಲಿ ಪೆನ್ನಿನಿಂದ ಗೆರೆ ಎಳೆದರು. ಅದಕ್ಕಿಂತ ಎಂಟು ಹತ್ತು ಪಿಎಸ್‌ಐ ಮೇಲೇರಿದರೆ ತೊಳೆಯುವ ಕಾಲ ಬಂತೆಂದು ತಿಳಿಯಿರಿ ಎಂದರು.

ಅಮ್ಮ ಹಾಸನದಿಂದ ಬಂದಿದ್ದ ಕಾಲ ಅದು. ಅವಳಿಗೆ ಇಂಗ್ಲಿಷ್ ಬಾರದು, ಅವರಿಗೆ ಕನ್ನಡ ಬಾರದು. ಅವಳು ಲೋಟದಲ್ಲಿ ಕಾಫಿ, ತಟ್ಟೆಯಲ್ಲಿ ಕೋಡುಬಳೆ ತಂದು ಅವರ ಮುಂದಿಟ್ಟು ಅಲ್ಲೇ ಕುರ್ಚಿ ಎಳೆದುಕೊಂಡು ಕೂರುತ್ತಿದ್ದಳು. ಕ್ಲೋರಿನ್ ಡಬ್ಬಿ ತೆರೆದಾಗ ಮೂಗರಳಿಸಿ, ‘ಇದು ನಮ್ಮ ಬಾವಿಗೆ ಹಾಕ್ತಿದ್ದ ಬ್ಲೀಚಿಂಗ್ ಪೌಡರ್ ವಾಸನೆ ಕಣೇ’ ಎಂದಳು. ಅವಳ ಮೂಗು ಸರಿಯಾಗಿಯೇ ಹೇಳಿತ್ತು. ಅಜ್ಜಿಯ ಊರಿನಲ್ಲಿ ಮಳೆಗಾಲಕ್ಕೆ ಮುಂಚೆ ಬಾವಿಯ ಹೂಳು ತೆಗೆಸಿದ ಮೇಲೆ ಪೌಡರನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿಯಲು ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ ಹಗ್ಗದಲ್ಲಿ ಬಾವಿಗೆ ಇಳಿಬಿಡುತ್ತಿದ್ದರು. ಆರೋಗ್ಯ ಇಲಾಖೆಯವರ ಲೆಕ್ಕ ಸಾವಿರ ಲೀಟರಿಗೆ ಸುಮಾರು ಎರಡೂವರೆ ಗ್ರಾಂ ಪೌಡರ್. ಬಾವಿಗೂ ಪೂಲಿಗೂ ಕೆಲಸ ಮಾಡುವುದು ಅದೇ ಕ್ಲೋರಿನ್. ವ್ಯತ್ಯಾಸವಿರುವುದು ಸೂರ್ಯನಲ್ಲಿ. ಬಾವಿಯ ನೀರು ನೆರಳಲ್ಲಿರುತ್ತದೆ. ಇಲ್ಲಿಯ ಬಿಸಿಲು ಬಯಲಿನ ನೀರಿನ ಕ್ಲೋರಿನ್ನನ್ನು ಕೆಲವೇ ಗಂಟೆಗಳಲ್ಲಿ ಹಾರಿಸಿಬಿಡುತ್ತದೆ. ಅದಕ್ಕೆಂದೇ ಸಯನ್ಯೂರಿಕ್ ಆಸಿಡ್ ಎಂಬ ಇನ್ನೊಂದನ್ನು ಬೆರೆಸುತ್ತಾರೆ. ಅದು ಕ್ಲೋರಿನ್ನಿಗೆ ಕೊಡೆ ಹಿಡಿಯುತ್ತದೆ. 30ರಿಂದ 50 ಪಿಪಿಎಂ ಇದ್ದರೆ ಸಾಕು. ತೇಲುಬುರುಡೆಯಲ್ಲಿ ಹಾಕುವ ಕ್ಲೋರಿನ್ ಬಿಲ್ಲೆಗಳಲ್ಲಿ ಇದು ಬೆರೆತೇ ಬರುತ್ತದೆ. ಕ್ಲೋರಿನ್ ಖರ್ಚಾಗುತ್ತದೆ, ಇದು ಖರ್ಚಾಗುವುದಿಲ್ಲ. ವರ್ಷಗಳಲ್ಲಿ ಕೂಡುತ್ತಾ ಹೋಗಿ ಕೊನೆಗೆ ಕ್ಲೋರಿನ್ನಿನ ಕೈಯನ್ನೇ ಕಟ್ಟಿಹಾಕುತ್ತದೆ. ಆಗ ಅಂಗಡಿಯವರು ಇನ್ನಷ್ಟು ಔಷಧಿ ಮಾರುತ್ತಾರೆ. ನಮ್ಮವರು ಪರೀಕ್ಷೆ ಮಾಡಿ ನೋಡಿ, ‘ದುಡ್ಡು ಸುರಿಯಬೇಡಿ. ಚಳಿಗಾಲ ಬರಲಿ, ಅರ್ಧ ನೀರು ತೆಗೆದು ಹೊಸದು ತುಂಬೋಣ’ ಎಂದರು. ಬೇಸಿಗೆಯಲ್ಲಿ ಖಾಲಿ ಮಾಡಿದರೆ ಆ ಬಿಸಿಲಿಗೆ ಒಳಗಿನ ಗಾರೆ ಬಿರುಕು ಬಿಡುತ್ತದೆ.

ನೀರಿನ ಪರೀಕ್ಷೆ ನನಗೆ ಇಷ್ಟವಾದ ಕೆಲಸ. ಮೊಳಕೈ ಆಳದಿಂದ ನೀರು ತುಂಬಿಕೊಂಡು, ಒಂದು ನಳಿಕೆಗೆ ಹಳದಿಯ ಹನಿ, ಇನ್ನೊಂದಕ್ಕೆ ಕೆಂಪಿನ ಹನಿ. ಕ್ಲೋರಿನ್ ಎರಡರಿಂದ ನಾಲ್ಕರ ನಡುವೆ, ಪಿಎಚ್ 7.2ರಿಂದ 7.8ರೊಳಗೆ. ಫೀನಿಕ್ಸ್ ಸುತ್ತಿನ ನೀರು ಗಡಸು. ಟೈಲ್ಸಿನ ಅಂಚಿಗೆ ಬಿಳಿಯ ಪಟ್ಟೆ ಕಟ್ಟುತ್ತದೆ, ಪಿಎಚ್ ಏರುತ್ತಲೇ ಇರುತ್ತದೆ. ಇಳಿಸಲು ಮ್ಯೂರಿಯಾಟಿಕ್ ಆಸಿಡ್ ಬೇಕು. ಇದೊಂದು ವಿಷಯದಲ್ಲಿ ಅವರು ಗಟ್ಟಿ ದನಿಯಲ್ಲಿ ಮಾತಾಡಿದರು. ಬಕೆಟ್ಟಿನಲ್ಲಿ ಮೊದಲು ನೀರು, ಆಮೇಲೆ ಆಸಿಡ್. ಆಸಿಡ್ಡಿನ ಮೇಲೆ ನೀರು ಎಂದಿಗೂ ಇಲ್ಲ. ಆಸಿಡ್ ಒಂದು ಮೂಲೆಯಲ್ಲಿ, ಕ್ಲೋರಿನ್ ಇನ್ನೊಂದು ಮೂಲೆಯಲ್ಲಿ. ಎರಡೂ ಸೇರಿದರೆ ಏಳುವ ವಿಷಾನಿಲ ಒಂದೇ ಉಸಿರಿಗೆ ಎದೆ ಕಟ್ಟಿಸುತ್ತದೆ. ಆ ಎರಡು ಮೂಲೆಗಳನ್ನು ಅವರೇ ಆರಿಸಿ, ಬೀಗವಿರುವ ಪೆಟ್ಟಿಗೆಗಳನ್ನು ಇಟ್ಟುಕೊಟ್ಟರು.

ಒಂದು ಜೂನಿನಲ್ಲಿ ನೀರು ಇಳಿಯತೊಡಗಿತು. ದಿನಾ ಪೈಪು ಹಚ್ಚಿದರೂ ಸಾಲದು. ಸೋರಿಕೆ ಪತ್ತೆ ಮಾಡುವ ಒಂದು ಕಂಪನಿಯವರು ಫೋನಿನಲ್ಲೇ ನೂರಾರು ಡಾಲರಿನ ಲೆಕ್ಕ ಹೇಳಿದರು. ಕೊಳವೆ ಒಡೆದಿದ್ದರೆ ಅಗೆತ ಬೇರೆ. ನಮ್ಮವರು ಒಂದು ಪ್ಲಾಸ್ಟಿಕ್ ಬಕೆಟ್ ತಂದರು. ಪೂಲಿನ ನೀರನ್ನೇ ತುಂಬಿ, ತಳಕ್ಕೊಂದು ಕಲ್ಲಿಟ್ಟು, ಮೊದಲ ಮೆಟ್ಟಿಲ ಮೇಲೆ ಕೂರಿಸಿದರು. ಬಕೆಟ್ಟಿನ ಒಳಗಿನ ನೀರೂ ಹೊರಗಿನ ನೀರೂ ಒಂದೇ ಮಟ್ಟಕ್ಕೆ ಬರುವಂತೆ ಮಾಡಿ, ಒಳಗೊಂದು ಹೊರಗೊಂದು ಟೇಪಿನ ತುಂಡು ಅಂಟಿಸಿದರು. ‘ನಾಳೆ ಇದೇ ಹೊತ್ತಿಗೆ ನೋಡಿ. ಹೊರಗಿನದು ಹೆಚ್ಚು ಇಳಿದಿದ್ದರೆ ಸೋರಿಕೆ. ಎರಡೂ ಒಂದೇ ಸಮ ಇಳಿದಿದ್ದರೆ ಕುಡಿದದ್ದು ಸೂರ್ಯ.’ ಮಾರನೆಯ ದಿನ ಎರಡೂ ಒಂದೇ ಸಮ, ಕಾಲಂಗುಲಕ್ಕೂ ಮೇಲೆ ಇಳಿದಿದ್ದವು. ನಮ್ಮ ಪೂಲಿನ ಅಗಲಕ್ಕೆ ಅದು ದಿನಕ್ಕೆ ಇನ್ನೂರು ಲೀಟರಿಗೂ ಹೆಚ್ಚು. ಸೋರಿಕೆ ಇರಲಿಲ್ಲ. ಬಕೆಟ್ ಇಟ್ಟದ್ದಕ್ಕೆ ಅವರು ದುಡ್ಡು ತೆಗೆದುಕೊಳ್ಳಲಿಲ್ಲ.

‘ದಿನಾ ಇಷ್ಟು ನೀರು ಆವಿಯಾಗಿ ಹೋಗೋದಾ?’ ಎಂದಳು ಅಮ್ಮ. ಅದಕ್ಕೆ ನನ್ನಲ್ಲಿ ಒಳ್ಳೆಯ ಉತ್ತರ ಇಲ್ಲ, ಇವತ್ತಿಗೂ ಇಲ್ಲ. ಇಲ್ಲಿಗೆ ನೀರು ಕೊಡುವ ಕೊಲರಾಡೊ ನದಿಯಲ್ಲಿ ನೀರಿನ ಕೊರತೆಯಿದೆ ಎಂದು ಸರ್ಕಾರ ಮೊಟ್ಟಮೊದಲ ಬಾರಿಗೆ ಅಧಿಕೃತವಾಗಿ ಘೋಷಿಸಿದ್ದು 2021ರ ಆಗಸ್ಟಿನಲ್ಲಿ. ಮರುವರ್ಷ ಅರಿಜೋನಾ ಆ ನದಿಯ ತನ್ನ ಪಾಲಿನಲ್ಲಿ ಶೇಕಡ 18ರಷ್ಟನ್ನು ಬಿಟ್ಟುಕೊಡಬೇಕಾಯಿತು, ಹೆಚ್ಚಿನ ಪೆಟ್ಟು ಬಿದ್ದದ್ದು ರೈತರಿಗೆ. ಅಮ್ಮನ ಮಾತನ್ನು ನಾನು ಇಂಗ್ಲಿಷಿಗೆ ತಿರುಗಿಸಿ ಹೇಳಿದಾಗ ಅವರು ತಲೆದೂಗಿ, ನೀರಿನ ಮೇಲೆ ಹಾಸುವ ಹೊದಿಕೆಯ ಅಳತೆ ತೆಗೆದುಕೊಂಡರು. ಬಳಸದ ದಿನಗಳಲ್ಲಿ ಅದನ್ನು ಹಾಸುತ್ತೇವೆ. ಆವಿಯಾಗುವುದು ಬಹುಪಾಲು ನಿಂತಿತು. ಚಿಕ್ಕ ಮಕ್ಕಳಿರುವ ಮನೆಗೆ ಅವರು ಕೊಟ್ಟ ಎಚ್ಚರಿಕೆ ಇಷ್ಟು: ಹೊದಿಕೆ ಬೇಲಿಯ ಬದಲಿಗಲ್ಲ, ಅದರಡಿ ಸಿಕ್ಕ ಮಗು ಕಾಣುವುದೂ ಇಲ್ಲ, ಆಡುವಾಗ ಪೂರ್ತಿ ತೆಗೆದುಬಿಡಬೇಕು.

ಜುಲೈ ಆಗಸ್ಟಿನಲ್ಲಿ ಇಲ್ಲಿ ಮಾನ್ಸೂನ್. ನಮ್ಮ ಮಲೆನಾಡಿನ ಜಡಿಮಳೆಯಲ್ಲ. ಮೊದಲು ಧೂಳು ಗೋಡೆಯಂತೆ ಎದ್ದು ಬರುತ್ತದೆ, ಮಳೆ ಬಂದರೂ ಬಂತು ಬರದಿದ್ದರೂ ಇಲ್ಲ. ಅಂಥ ಒಂದು ಸಂಜೆಯ ಮಾರನೆಯ ಬೆಳಿಗ್ಗೆ ನಮ್ಮ ಪೂಲು ಕೆರೆಯ ಬಣ್ಣಕ್ಕೆ ತಿರುಗಿತ್ತು, ಮೂರನೆಯ ದಿನಕ್ಕೆ ಪಾಚಿ ಹಸಿರು. ಹಸಿರು ಬಿಟ್ಟರೆ ಸೊಳ್ಳೆ. ಇಲ್ಲಿಯ ಕೌಂಟಿಯವರು ಪಾಚಿಗಟ್ಟಿದ ಪೂಲಿನ ದೂರು ಬಂದರೆ ಬಂದು ನೋಡುತ್ತಾರೆ. ನಮ್ಮವರು ಬೆಳಿಗ್ಗೆ ಐದಕ್ಕೆ ಬಂದರು. ಹೊತ್ತೇರಿದ ಮೇಲೆ ಕೆಲಸ ಮಾಡುವ ಕಾಲವಲ್ಲ ಅದು. 2023ರಲ್ಲಂತೂ ಫೀನಿಕ್ಸ್‌ನಲ್ಲಿ 31 ದಿನ ಎಡೆಬಿಡದೆ 43 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಮೊದಲು ಬಲೆಯಿಂದ ಕಸ, ಆಮೇಲೆ ಗೋಡೆಗೆಲ್ಲ ಬ್ರಷ್, ಪಿಎಚ್ ಇಳಿಸಿ ಕ್ಲೋರಿನ್ ಏರಿಸುವುದು, ಪಂಪು ಹಗಲೂ ರಾತ್ರಿ. ಫಿಲ್ಟರ್ ತೊಳೆದು ಮತ್ತೆ ಹಚ್ಚುವುದು. ಸಂಜೆಗೆ ಮತ್ತೆ ಬ್ರಷ್. ಪಾಚಿಯ ಮೇಲಿನ ಜಾರು ಪದರ ಉಜ್ಜಿ ಒಡೆಯದಿದ್ದರೆ ಕ್ಲೋರಿನ್ ಒಳಗೆ ಇಳಿಯುವುದಿಲ್ಲ, ಬಾಟಲಿಗಟ್ಟಲೆ ಸುರಿದರೂ ದಂಡ. ಹಸಿರು ಹೋಗಿ ಬೂದಿ, ಬೂದಿ ಹೋಗಿ ಮಬ್ಬು ನೀಲಿ. ತಳದ ಜಾಲರಿಯ ತಿರುಪುಗಳು ಕಾಣುವವರೆಗೆ ಮಗನನ್ನು ಬಿಡಬೇಡಿ ಎಂದು ಹೇಳಿ ಹೋದರು. ಆ ಜಾಲರಿಯನ್ನೂ ಅವರು ಮೊದಲೇ ನೋಡಿದ್ದರು. ಹಳೆಯ ಚಪ್ಪಟೆ ಜಾಲರಿಗಳ ಸೆಳೆತಕ್ಕೆ ಮೈಯೋ ಕೂದಲೋ ಸಿಕ್ಕಿಕೊಂಡು ಮಕ್ಕಳು ಸತ್ತಿದ್ದಾರೆ. ಅಮೆರಿಕದ ಮಾಜಿ ವಿದೇಶಾಂಗ ಕಾರ್ಯದರ್ಶಿ ಜೇಮ್ಸ್ ಬೇಕರ್ ಅವರ ಏಳು ವರ್ಷದ ಮೊಮ್ಮಗಳು 2002ರಲ್ಲಿ ಹಾಗೆ ತೀರಿಕೊಂಡಳು. ಅವಳ ಹೆಸರಿನಲ್ಲೇ 2007ರಲ್ಲಿ ಕಾನೂನು ಬಂತು.

ಅವರ ಕೂಲಿ ಗಂಟೆಗೆ 60 ಡಾಲರ್ ಇತ್ತು. ನಮ್ಮ ಸ್ನೇಹಿತರಲ್ಲಿ ಕೆಲವರು ಚೌಕಾಸಿ ಮಾಡು ಅನ್ನುತ್ತಿದ್ದರು. ನಾನು ಮಾಡಲಿಲ್ಲ. ವ್ಯಾನು, ಪೆಟ್ರೋಲು, ಹತ್ಯಾರ, ವಿಮೆ, ಬರುವ ಹೋಗುವ ಹೊತ್ತು ಎಲ್ಲ ಆ ಅರವತ್ತರಲ್ಲೇ ಬರಬೇಕು. ಅದರ ಬದಲು ಚಿಕ್ಕ ಕೆಲಸಗಳನ್ನು ಕೂಡಿಟ್ಟು ಒಂದೇ ಬೆಳಗಿಗೆ ಕೊಡುತ್ತಿದ್ದೆ, ಫೋಟೋ ತೆಗೆದು ಮುಂಚೆಯೇ ಕಳಿಸುತ್ತಿದ್ದೆ, ಬೇಕಾದ ಭಾಗವನ್ನು ಅವರು ಹೇಳಿದ ನಂಬರು ನೋಡಿ ತಂದಿಡುತ್ತಿದ್ದೆ. ಇದರಿಂದ ನನಗೆ ಉಳಿದಷ್ಟು ಚೌಕಾಸಿಯಿಂದ ಉಳಿಯುತ್ತಿರಲಿಲ್ಲ. ಹೊಸದಾಗಿ ಮನೆ ಕೊಂಡ ಕನ್ನಡದವರು ಯಾರಾದರೂ ಕೇಳಿದರೆ ಇದನ್ನೇ ಹೇಳುತ್ತೇನೆ. ಪೂರ್ತಿ ದುಡ್ಡು ಮುಂಗಡ ಕೇಳುವವರು ಬೇಡ; ಎಲ್ಲ ಕೆಲಸಕ್ಕೂ ಹೂಂ ಅನ್ನುವವರು ಅದಕ್ಕಿಂತಲೂ ಬೇಡ. ಗ್ಯಾಸಿಗೂ ಹೂಂ, ಕರೆಂಟಿಗೂ ಹೂಂ, ಛಾವಣಿಗೂ ಹೂಂ ಅನ್ನುವವರ ಕೈಯಲ್ಲಿ ಮಕ್ಕಳಿರುವ ಮನೆ ಕೊಡಬಾರದು.

ಮೊಣಕಾಲು ನೋವು ಹೆಚ್ಚಾಗಿ ಅವರು ಕೆಲಸ ನಿಲ್ಲಿಸಿ ಟ್ಯೂಸಾನಿನ ಮಗಳ ಮನೆಗೆ ಹೋದರು. ಅವರ ನಂತರ ಬಂದವನು ಮೂವತ್ತರ ಹುಡುಗ, ಕೆಲಸದ ಬಗ್ಗೆ ಬಹಳ ಹುಮ್ಮಸ್ಸು. ಏನೇನು ಮಾಡುತ್ತೀಯ ಎಂದು ನಾನು ಕೇಳಲಿಲ್ಲ, ಏನೇನು ಮಾಡುವುದಿಲ್ಲ ಎಂದು ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಗ್ಯಾಸ್ ಹೀಟರ್ ಮುಟ್ಟಲ್ಲ. ಎರಡನೇ ಮಹಡಿ ಮೇಲಿನ ಛಾವಣಿ ಹತ್ತಲ್ಲ. ಪೂಲಿನ ಕೆಮಿಕಲ್ ಇನ್ನೂ ಸರಿಯಾಗಿ ಬರಲ್ಲ, ಯಾರಾದರೂ ಹೇಳಿಕೊಟ್ಟರೆ ಕಲೀತೀನಿ’ ಎಂದ. ಹೇಳಿಕೊಡುವುದು ನನ್ನಿಂದಾಗುತ್ತಿತ್ತು. ಅವನ ಕೈಗೆ ಟೆಸ್ಟ್ ಕಿಟ್ ಕೊಟ್ಟೆ.